ಮಾಣಿ

ಬೆಳಗಿನ ಐದು ಗಂಟೆ. ಕೊಲಾಬಾದ ಸಸೂನ್ ಡಾಕಿನ ಕಲ್ಲುಹಾಸಿನ ಮೇಲೆ ಐಸು ಕರಗಿದ ನೀರು, ಮೀನಿನ ಹುರುಪೆ. ಹೆಜ್ಜೆ ಗಟ್ಟಿಯಾಗಿ ಊರಿ. ದೋಣಿಯಿಂದ ಬಂಗುಡೆ ಬುಟ್ಟಿಗಳು ಕೈಯಿಂದ ಕೈಗೆ ಹಾರಿ ಬರುತ್ತಿವೆ. ಕಚ್ಚೆಸೀರೆಯ ಕೋಲಿ ಹೆಂಗಸೊಬ್ಬಳು ಹರಾಜು ಕೂಗುತ್ತಿದ್ದಾಳೆ. ಈ ಊರಿಗೆ ಹೆಸರು ಕೊಟ್ಟ ಮುಂಬಾದೇವಿ ಅವಳ ಜನರ ದೇವಿ. ಅವಳ ಬೆನ್ನಹಿಂದೆ, ಶೆಡ್ಡಿನ ಮಬ್ಬಿನಲ್ಲಿ, ಕುಕ್ಕರುಗಾಲಲ್ಲಿ ಸಾಲಾಗಿ ಕೂತವರು ಸಿಗಡಿ ಸುಲಿಯುತ್ತಾರೆ. ಬಂಜಾರ ಹೆಂಗಸರೂ ಇದ್ದಾರೆ ಅವರಲ್ಲಿ. ಬೆರಳ ತುದಿಗಳು ನೀರಿಗೆ ಬಿಳಿಚಿ ಸುಕ್ಕಾಗಿವೆ. ಯಾರೂ ತಲೆಯೆತ್ತುವುದಿಲ್ಲ. 1875ರಲ್ಲಿ ಈ ದಕ್ಕೆಯನ್ನು ಕಟ್ಟಿಸಿದ್ದು ಬಾಗ್ದಾದಿನಿಂದ ಬಂದ ಯಹೂದಿ ಮನೆತನ.

ಉತ್ತರಕ್ಕೆ ನಡೆಯೋಣ. ಕಾಸ್‌ವೇಯ ಅಂಗಡಿಗಳಿನ್ನೂ ಬಾಗಿಲು ತೆರೆದಿಲ್ಲ. ಒಂದು ಕಾಲಕ್ಕೆ ಭರತ ಬಂದರೆ ಇಲ್ಲಿ ದೋಣಿಯೇ ಗತಿ. 1838ರಲ್ಲಿ ಈ ದಾರಿ ದ್ವೀಪಗಳನ್ನು ಜೋಡಿಸಿತು. 1661ರಲ್ಲಿ ಪೋರ್ಚುಗಲ್ ರಾಜಕುಮಾರಿಯ ಮದುವೆಯ ಒಪ್ಪಂದದಲ್ಲಿ ಇಂಗ್ಲೆಂಡಿನ ಪಾಲಾದ ಮುಂಬಯಿಯನ್ನು ಈಸ್ಟ್ ಇಂಡಿಯಾ ಕಂಪನಿ 1668ರಲ್ಲಿ ವರ್ಷಕ್ಕೆ 10 ಪೌಂಡಿನ ಗೇಣಿಗೆ ಪಡೆಯಿತು. ಗೇಣಿ ಎಂದರೇನೆಂದು ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ವೀರ ನರಿಮನ್ ರಸ್ತೆ ದಾಟುವಾಗ ಒಂದು ಕ್ಷಣ ನಿಲ್ಲಿ. ಇಲ್ಲಿ ಇಂಗ್ಲಿಷರ ಕೋಟೆಯಿದ್ದ ದಿನಗಳಲ್ಲಿ ಇದು ಚರ್ಚ್‌ಗೇಟ್ ಬೀದಿ. ದಕ್ಷಿಣಕ್ಕೆ ಇಂಗ್ಲಿಷರ ಮನೆಗಳು, ಉತ್ತರಕ್ಕೆ ಪಾರ್ಸಿ, ಬನಿಯಾ ವ್ಯಾಪಾರಿಗಳವು. 1860ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದರು.

ಬೋರಾ ಬಜಾರಿನ ಕಡೆ ತಿರುಗಿದೊಡನೆ ಇಂಗಿನ ಒಗ್ಗರಣೆಯ ವಾಸನೆ. ನಮ್ಮವರ ಹೋಟೆಲು. ಒಳಗೆ ಬನ್ನಿ. ಗಲ್ಲದಲ್ಲಿ ಧಣಿ, ಒಲೆಯ ಮುಂದೆ ಭಟ್ಟರು, ಆಚೆಗೆ ಸಪ್ಲೈಯರ್, ಕೊನೆಗೆ ಮೋರಿಯ ಬಳಿ ಲೋಟ ತೊಳೆಯುವವನು. ಯಾವ ಜಾತಿಯ ಹುಡುಗ ಎಲ್ಲಿಯವರೆಗೆ ಒಳಬರಬಹುದು ಎಂಬುದು ಇಂಥ ಅಡುಗೆಮನೆಗಳಲ್ಲಿ ಒಮ್ಮೆ ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ಕೋಟೆಯ ಗೆರೆ ಇಂಗ್ಲಿಷರದು. ಅಡುಗೆಮನೆಯ ಈ ಗೆರೆಯನ್ನು ನಾವೇ ಊರಿಂದ ಟ್ರಂಕಿನೊಳಗೆ ಹೊತ್ತು ತಂದೆವು. ಸಂಘಗಳೂ ಬೇರೆಬೇರೆ: ಮೊಗವೀರರದು 1902ರಲ್ಲಿ, ಬಂಟರದು 1927ರಲ್ಲಿ, ಬಿಲ್ಲವರದು 1932ರಲ್ಲಿ. ಆದರೂ ಊರು ಬಿಟ್ಟು ಬಂದ ಎಷ್ಟೋ ಮಕ್ಕಳ ಕೈಹಿಡಿದದ್ದು ಅವೇ. ಹಗಲಿಡೀ ಲೋಟ ತೊಳೆದ ಹುಡುಗರು ಸಂಜೆ ಕನ್ನಡ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಲೇ ಮೆಟ್ರಿಕ್ ಮುಗಿಸಿದರು; ಬ್ಯಾಂಕು ಸೇರಿದರು, ವಕೀಲರಾದರು, ಕೆಲವರು ಗಲ್ಲದಲ್ಲೇ ಕೂತರು. ಮುಂಬಯಿ ಕನ್ನಡಿಗರು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣದು.

ಚಾ ಬಂತು. ಕುಡಿಯಿರಿ, ಆರೀತು.

"ಏ ಮಾಣೀ!" ಧಣಿ ಕರೆಯುತ್ತಾರೆ. ಮೋರಿಯ ಬಳಿಯ ಹುಡುಗ ತಿರುಗುತ್ತಾನೆ. ಅವನು ಒಡಿಶಾದವನು. ಕನ್ನಡ ಬಾರದು, ತುಳುವೂ ಬಾರದು. ಈ ಒಂದು ಶಬ್ದಕ್ಕೆ ಮಾತ್ರ ಓಗೊಡಲು ಕಲಿತಿದ್ದಾನೆ. ಅವನ ಭಾಷೆಯ ರಾತ್ರಿಶಾಲೆ ಈ ಗಲ್ಲಿಯಲ್ಲಿಲ್ಲ. ನಿಮ್ಮ ಲೋಟಕ್ಕಾಗಿ ಕೈ ಚಾಚಿದ್ದಾನೆ. ಅವನ ಬೆರಳ ತುದಿಗಳೂ ಬಿಳಿಚಿವೆ.