ಗಾಡಿಯ ಬೆನ್ನಿಗೊಂದು ಸಂದೂಕ

ಶಹಾಬಾದ್ ಬಿಟ್ಟು ವಾಡಿ ಕಡೆ ಬರುವಾಗ ಹಿಂದಿನಿಂದ ಒಂದು ಲಾರಿ ಹಾರ್ನ್ ಹೊಡೆದೇ ಹೊಡೆಯಿತು. ದಾರಿ ಬಿಟ್ಟುಕೊಟ್ಟರೂ ನಿಲ್ಲಲಿಲ್ಲ. ಸೇಡಂನ ಮಾಸ್ತರರು ತಿರುಗಿ ನೋಡಿದರೆ, ತಮ್ಮ ಗಾಡಿಯ ಹಿಂದಿನ ಪ್ಲಾಸ್ಟಿಕ್ ಪೆಟ್ಟಿಗೆ ಬಾಯಿ ತೆರೆದು ಕೂತಿದೆ. ಟವೆಲ್ಲು, ಎರಡು ಬನಿಯನ್ನು, ಮನೆಯವರು ಕಟ್ಟಿಕೊಟ್ಟ ಕಡಕ್ ರೊಟ್ಟಿಯ ಗಂಟು ಎಲ್ಲ ರಸ್ತೆಯುದ್ದಕ್ಕೂ ಚೆಲ್ಲಿವೆ. ಫರಸಿ ಹೇರಿದ್ದ ಆ ಲಾರಿಯ ಡ್ರೈವರ್ ಇಳಿದು ಬಂದು ರೊಟ್ಟಿ ಗಂಟನ್ನು ಕೈಗೆ ಕೊಟ್ಟ. "ಬನಿಯನ್ ಮ್ಯಾಲ ನನ್ ಗಾಲಿ ಹೋಗ್ಯಾದ್ರಿ ಸರ್, ತಪ್ ತಿಳ್ಕೋಬ್ಯಾಡ್ರಿ" ಅಂದ.

ಪೆಟ್ಟಿಗೆ ಕೊಂಡು ಇಪ್ಪತ್ತು ದಿನವೂ ಆಗಿರಲಿಲ್ಲ. ಸೆಕೆಂಡ್ ಹ್ಯಾಂಡ್ ಥಂಡರ್‌ಬರ್ಡ್ ಮೋಟಾರ್‌ಸೈಕಲ್ ಕೊಂಡಾಗಲೇ ಮಾಸ್ತರರಿಗೆ ಊರೂರು ಸುತ್ತುವ ಹುಚ್ಚು ಹತ್ತಿತ್ತು. ಗಾಡಿಗೇ ಹಣವೆಲ್ಲ ಸುರಿದಿದ್ದರಿಂದ ಪೆಟ್ಟಿಗೆಯಲ್ಲಿ ಉಳಿಸಲು ಹೋದರು. ಅಂಗಡಿಯ ಹುಡುಗ ಒಂದು ತಗಡಿನ ಪಟ್ಟಿ, ನಾಲ್ಕು ಬೋಲ್ಟು ಹಾಕಿ ಹತ್ತು ನಿಮಿಷದಲ್ಲಿ ಕೈ ಒರೆಸಿಕೊಂಡಿದ್ದ. ಲಾಕ್ ನಟ್ ಇಲ್ಲ, ರಬ್ಬರ್ ಇಲ್ಲ. ಒಂಟಿ ಸಿಲಿಂಡರಿನ ಗಾಡಿ ನಡುಗದೆ ಇರುವುದಿಲ್ಲ, ನಡುಗುವ ಗಾಡಿಯಲ್ಲಿ ಬರಿ ನಟ್ಟು ನಿಲ್ಲುವುದಿಲ್ಲ. ಮೊದಲು ಬೋಲ್ಟು ಸಡಿಲಾಯಿತು, ಪೆಟ್ಟಿಗೆ ಕುಣಿಯತೊಡಗಿತು, ಕುಣಿದು ಕುಣಿದು ಕೊನೆಗೆ ಚಿಲಕ ಮುರಿಯಿತು.

ವಾಡಿಯ ಮನೆಯಲ್ಲಿ ಅಪ್ಪ ಇದನ್ನೆಲ್ಲ ಕೇಳಿ ನಗಲಿಲ್ಲ. "ನನ್ ಪೆಟ್ಟಿಗಿ ಮೂವತ್ತ್ ವರ್ಷ ಬ್ರೇಕ್ ವ್ಯಾನಿನಾಗ ಕುಣದಾದ. ಒಂದ್ ದಿನ ಬಾಯಿ ತೆರೆದಿಲ್ಲ" ಅಂದರು.

ಅಪ್ಪ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ಈಗಿನ ಹುಡುಗರು ಕಂಡಿರಲಿಕ್ಕಿಲ್ಲ, ಆಗ ಯಾವ ಜಂಕ್ಷನ್ನಿಗೆ ಹೋದರೂ ಪ್ಲಾಟ್‌ಫಾರ್ಮಿನ ಮೇಲೆ ಕರಿ ಬಣ್ಣದ ಪೆಟ್ಟಿಗೆಗಳ ಸಾಲು ಇರುತ್ತಿತ್ತು. ಅದೇ ಲೈನ್ ಬಾಕ್ಸ್. ಮೇಲೆ ಬಿಳಿ ಬಣ್ಣದಲ್ಲಿ ಗಾರ್ಡಿನ ಹೆಸರು, ಹುದ್ದೆ, ಊರು. ಒಳಗೆ ಕೆಂಪು ಹಸಿರು ಬಾವುಟ, ಕೈದೀಪ, ನಿಯಮದ ಪುಸ್ತಕ, ಮದ್ದುಪಟ್ಟಿಯ ಡಬ್ಬಿ, ಅಪಾಯ ಬಂದರೆ ಹಳಿಯ ಮೇಲಿಟ್ಟು ಬರುವ ಪಟಾಕಿಗಳು. ಅದನ್ನು ರೈಲಿಗೆ ಹತ್ತಿಸಿ ಇಳಿಸಲೆಂದೇ ಬೇರೆ ಆಳುಗಳಿದ್ದರು. ಈಚೆಗೆ ಅದರ ಜಾಗಕ್ಕೆ ಗಾಲಿಯ ಬ್ಯಾಗುಗಳು ಬರುತ್ತಿವೆ. 2022ರಲ್ಲಿ 'ಗಾರ್ಡ್' ಎಂಬ ಹೆಸರೂ ಹೋಗಿ 'ಟ್ರೇನ್ ಮ್ಯಾನೇಜರ್' ಆಯಿತು. ಅಪ್ಪನಿಗೆ ಹೆಸರು ಹೋದ ಬೇಜಾರಿಗಿಂತ ಪೆಟ್ಟಿಗೆ ಹೋದ ಬೇಜಾರು ಜಾಸ್ತಿ.

ಪೆಟ್ಟಿಗೆ ಹೊತ್ತು ತಿರುಗುವುದು ವಾಡಿಗೆ ಹೊಸದಲ್ಲ. ಮುಂಬೈಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಮೂರು ವರ್ಷದ ಮೇಲೆ, 1874ರಲ್ಲಿ, ನಿಜಾಮರ ರೈಲು ವಾಡಿಯಲ್ಲಿ ಕವಲೊಡೆದು ಸಿಕಂದರಾಬಾದಿಗೆ ಹೊರಟಿತು. ಚಿತ್ತಾಪುರ, ಮಳಖೇಡ್ ರೋಡ್, ಸೇಡಂ, ತಾಂಡೂರು ಎಲ್ಲ ಆ ದಾರಿಯ ಸ್ಟೇಷನ್ನುಗಳೇ. ಶಹಾಬಾದಿನ ಫರಸಿಗೆ ದೂರದ ಊರುಗಳ ಅಂಗಳ ಸಿಕ್ಕಿದ್ದರಲ್ಲಿ ಈ ಹಳಿಗಳ ಪಾಲು ದೊಡ್ಡದು. ಅಪ್ಪನ ಪೆಟ್ಟಿಗೆ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿತೋ ಲೆಕ್ಕವಿಲ್ಲ. ಆದರೆ ಮಾಸ್ತರರು ಹೋಗಬೇಕೆಂದಿದ್ದ ಚಿಂಚೋಳಿಯನ್ನು ಅದು ನೋಡಲಿಲ್ಲ. ಚಿಂಚೋಳಿಗೆ ಹಳಿ ಇಲ್ಲ.

ಮೋಟಾರ್‌ಸೈಕಲ್ಲಿಗೆ ಪೆಟ್ಟಿಗೆ ಮಾಡಿಯೇ ದೊಡ್ಡವರಾದವರೂ ಉಂಟು. ಇಟಲಿಯ ಜುಸೆಪ್ಪೆ ವಿಜೆಂಜಿ ಎಂಬ ರೇಸುಗಾರ 1978ರಲ್ಲಿ 'ಜಿವಿ' ಕಂಪನಿ ಕಟ್ಟಿದ. ಇವತ್ತು ಅದರ ಪೆಟ್ಟಿಗೆಗಳು ಲೋಕವೆಲ್ಲ ಸುತ್ತುತ್ತವೆ. ಮಾಸ್ತರರು ಅದರ ಬೆಲೆ ವಿಚಾರಿಸಿ, ಥಟ್ಟನೆ ಬೇರೆ ಮಾತು ತೆಗೆದರು.

ಕೊನೆಗೆ ಹೋದದ್ದು ತಗಡಿನ ಸಂದೂಕ ಮಾಡುವ ಸಾಬರ ಹತ್ತಿರ. ಮದುವೆಯ ಸಂದೂಕ, ಹಾಸ್ಟೆಲ್ಲಿಗೆ ಹೋಗುವ ಹುಡುಗರ ಟ್ರಂಕು ಮಾಡಿ ಪಳಗಿದ ಕೈ. "ಗಾಡಿಗಿ ಸಂದೂಕ ಯಾರ್ ಕೂಡಸ್ತಾರ್ರಿ ಸರ್?" ಎಂದು ಗೊಣಗಿದರೂ ಟೇಪು ತೆಗೆದರು. ಅಳತೆಯ ಚೀಟಿಯನ್ನು ಮಾಸ್ತರರು ಬರೆದುಕೊಂಡೇ ಬಂದಿದ್ದರು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದಕ್ಕೂ ಒಂದು ನಿಯಮ ಮಾಡಿದೆ: ಮೋಟಾರ್‌ಸೈಕಲ್ಲಿಗೆ ಕಟ್ಟುವ ಪೆಟ್ಟಿಗೆ 550 ಮಿಲಿಮೀಟರ್ ಉದ್ದ, 510 ಅಗಲ, 500 ಎತ್ತರ ಮೀರಬಾರದು. ಹಿಂದಿನ ಸೀಟಿನ ಜಾಗದಲ್ಲಿಟ್ಟರೆ ಸವಾರ ಒಬ್ಬನೇ ಹೋಗಬೇಕು, ಸೀಟಿನ ಹಿಂದಕ್ಕಿಟ್ಟರೆ ಇನ್ನೊಬ್ಬರು ಕೂಡಬಹುದು. ಮನೆಯಲ್ಲಿ ಈ ನಿಯಮದ ಎರಡನೇ ಭಾಗವನ್ನು ಮಾತ್ರ ಒತ್ತಿ ಹೇಳಿ ಕಳಿಸಿದ್ದರು. ಹದಿನೆಂಟು ಇಂಚು ಉದ್ದ, ಹದಿನಾಲ್ಕು ಅಗಲ, ಹನ್ನೆರಡು ಎತ್ತರ ಎಂದು ಗೊತ್ತಾಯಿತು.

ಸಾಬರ ಕೆಲಸ ನೋಡುವಂಥದು. ತಗಡಿನ ಅಂಚನ್ನು ಮರದ ಕೊಡತಿಯಿಂದ ಬಡಿದು ಮಡಿಚುತ್ತಾರೆ, ಆ ಮಡಿಕೆಯೊಳಗೆ ಇನ್ನೊಂದು ಅಂಚನ್ನು ಸಿಕ್ಕಿಸಿ ಮತ್ತೆ ಬಡಿಯುತ್ತಾರೆ. ಬಾಯಿಯ ಸುತ್ತ ದಪ್ಪ ತಂತಿ ಇಟ್ಟು ತಗಡನ್ನು ಅದರ ಮೇಲೆ ಸುರುಳಿ ಮಾಡುತ್ತಾರೆ. ಕೈ ಕೊಯ್ಯದಂತೆಯೂ ಆಯಿತು, ಪೆಟ್ಟಿಗೆ ಸೊಟ್ಟಗಾಗದಂತೆಯೂ ಆಯಿತು. ಬಿಜಾಗರಿ, ಕೊಂಡಿ ಎಲ್ಲಕ್ಕೂ ರಿವೆಟ್. ಉಳಿದದ್ದು ಧೂಳು. ವಾಡಿಯ ಸಿಮೆಂಟ್ ಫ್ಯಾಕ್ಟರಿ 1968ರದು. ಆ ಊರಲ್ಲಿ ಬೆಳೆದವರಿಗೆ ಧೂಳಿನ ಭಾಷೆ ಗೊತ್ತು, ಕೂದಲೆಳೆಯಷ್ಟು ಸಂದಿ ಸಿಕ್ಕರೆ ಸಾಕು, ಒಳಗೆ ಬಂದು ಕೂಡುತ್ತದೆ. ಅದಕ್ಕೇ ಮುಚ್ಚಳದ ಒಳಗೆ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ಅಂಟಿಸಿದರು.

ಸಂದೂಕಕ್ಕೆ ಆದ ಖರ್ಚು ಒಂಬೈನೂರು. ಅದರ ಕೆಳಗಿನ ಕ್ಯಾರಿಯರ್‌ಗೆ ಅದರ ಎರಡರಷ್ಟು! ವೆಲ್ಡಿಂಗ್‌ನವನು ಮೊದಲು ಪೈಪನ್ನು ಮಡ್‌ಗಾರ್ಡಿಗೇ ಹಿಡಿಸಲು ಹೊರಟಿದ್ದ. ಮಾಸ್ತರರು ಬಿಡಲಿಲ್ಲ. ಭಾರ ಬೀಳಬೇಕಾದ್ದು ಚಾಸಿಸ್ಸಿನ ಮೇಲೆ, ತಗಡಿನ ಮೇಲಲ್ಲ. ಸಂದೂಕದ ತಳದೊಳಗೆ ಕಬ್ಬಿಣದ ಎರಡು ಪಟ್ಟಿ, ಅವುಗಳ ಮೂಲಕ ಬೋಲ್ಟು, ನಡುವೆ ಹಳೆಯ ಟ್ಯೂಬ್ ಕತ್ತರಿಸಿದ ರಬ್ಬರ್, ತುದಿಗೆ ಲಾಕ್ ನಟ್. ಪಟ್ಟಿ ಇಲ್ಲದಿದ್ದರೆ ಬೋಲ್ಟಿನ ತಲೆ ತಗಡನ್ನೇ ಹರಿದುಕೊಂಡು ಹೋಗುತ್ತಿತ್ತು.

ಇನ್ನು ತೂಕದ ಪರೀಕ್ಷೆ. ಒಂದು ಚದರಡಿಯ, ಒಂದಿಂಚು ದಪ್ಪದ ಫರಸಿ ಹೆಚ್ಚು ಕಡಿಮೆ 6 ಕೆಜಿ ತೂಗುತ್ತದೆ. ಒಂದು ಕಲ್ಲು ಇಟ್ಟು ಒಂದು ಸುತ್ತು ಹೊಡೆದರು, ಗಾಡಿ ಸುಮ್ಮನಿತ್ತು. ಎರಡು ಇಟ್ಟರು, ತಿರುವಿನಲ್ಲಿ ತುಸು ಆಲಸ್ಯ ತೋರಿತು. ಮೂರಕ್ಕೆ ಹ್ಯಾಂಡಲ್ ಹಗುರಾಗಿ ಹೆಡ್‌ಲೈಟು ಬೇವಿನಮರದ ತುದಿ ನೋಡತೊಡಗಿತು. ಹಿಂದಿನ ಗಾಲಿಯ ಅಚ್ಚು ಇಲ್ಲಿ ತಕ್ಕಡಿಯ ಮುಳ್ಳು. ಅದರ ಹಿಂದೆ ಬಿದ್ದ ಭಾರವೆಲ್ಲ ಮುಂದಿನ ಗಾಲಿಯನ್ನು ಎತ್ತುತ್ತದೆ. ಒಂದೂವರೆ ಕಲ್ಲಿಗೆ ಮುಗಿಸುವುದೆಂದು ಮಾಸ್ತರರು ನಿಶ್ಚಯಿಸಿದರು. ಭಾರದ ಸಾಮಾನು ಸಂದೂಕದ ತಳಕ್ಕೆ, ಸೀಟಿನ ಕಡೆಗೆ. ಬಟ್ಟೆ ಮೇಲೆ. ಮನೆಯವರಿಗೂ ಒರಗಲು ಬೆನ್ನಾಸರೆ ಸಿಕ್ಕಿತು. ತಣ್ಣಗಿನ ತಗಡು ಬೇಡವೆಂದು ಅವರು ಕೌದಿಯ ತುಂಡೊಂದನ್ನು ಹೊಲಿದು ಹಾಕಿದರು.

ಮಳೆ ಬಿದ್ದ ಮೇಲೆ ಇಬ್ಬರೂ ಚಿಂಚೋಳಿಗೆ ಹೊರಟರು. ತೊಗರಿ ಹೊಲಗಳು ಹಸಿರಾಗಿದ್ದವು. ರಸ್ತೆ ಬದಿಗಿಳಿದರೆ ಕರಿ ಎರೆಮಣ್ಣು ಗಾಲಿಗೆ ಮೆತ್ತಿ ಬಿಡುತ್ತಲೇ ಇರಲಿಲ್ಲ. ಫರಸಿ, ಸಿಮೆಂಟು, ಬಿಸಿಲು ಎಂದೇ ಹೆಸರಾದ ಸೀಮೆಯಲ್ಲಿ ಅಲ್ಲೊಂದು ಕಾಡಿದೆ ಎಂದರೆ ನಂಟರು ಇಂದಿಗೂ ನಂಬುವುದಿಲ್ಲ. 2011ರಲ್ಲಿ ಅದು ವನ್ಯಜೀವಿ ಧಾಮವೂ ಆಯಿತು. ಚಂದ್ರಂಪಳ್ಳಿ ಕೆರೆಯ ದಂಡೆಯಲ್ಲಿ ಸಂದೂಕ ತೆರೆದಾಗ ಕಡಕ್ ರೊಟ್ಟಿ ಮುರಿದಿರಲಿಲ್ಲ. ಶೇಂಗಾ ಹಿಂಡಿ ಮಾತ್ರ ಅರಿವೆಯ ಮೇಲೆ ಚೆಲ್ಲಿತ್ತು, ಡಬ್ಬಿಯ ಮುಚ್ಚಳ ಸಡಿಲಿತ್ತು. ಅದಕ್ಕೆ ಸಂದೂಕ ಏನು ಮಾಡೀತು?

ಮರುದಿನ ವಾಡಿಗೆ ಹೋದಾಗ ಅಪ್ಪ ಬಾಗಿಲಲ್ಲೇ ಗಾಡಿಯನ್ನು ನಿಲ್ಲಿಸಿದರು. ಮುಚ್ಚಳ ತಟ್ಟಿದರು, ಕೊಂಡಿ ಎಳೆದರು. "ಹೆಸರು ಬರಸಿಲ್ಲೇನು?" ಅಂದರು. ಆಮೇಲೆ ಮೊಣಕಾಲು ಹಿಡಿದುಕೊಂಡು ಕುಕ್ಕರುಗಾಲಲ್ಲಿ ಕೂತು ಕ್ಯಾರಿಯರಿನ ಕೆಳಗೆ ಕೈ ಹಾಕಿ, ಹಳೇ ಡ್ಯೂಟಿಯ ರೂಢಿಯಂತೆ, ಒಂದೊಂದೇ ನಟ್ಟು ಮುಟ್ಟುತ್ತಾ ಹೋದರು.

"ಎಡಗಡಿ ಹಿಂದಿಂದು ಸಡ್ಲ ಅದ. ಪಾನಾ ತಗೊಂಡ್ ಬಾ."