ದೊಡ್ಡಪ್ಪನ ಬಸ್ಸಿಗೆ ಕಾರಿನ ಪೇಂಟು

ಚೌತಿಗೆ ಥರ್ಮೋಕೋಲ್ ಮಂಟಪ ಮಾಡಿ, ಕೆಲಸ ಬೇಗ ಮುಗಿಯಲಿ ಅಂತ ಸ್ಪ್ರೇ ಪೇಂಟ್ ಹೊಡೆದವರಿಗೆ ಗೊತ್ತಿರುತ್ತದೆ, ಬಣ್ಣ ಬಿದ್ದಲ್ಲೆಲ್ಲ ಥರ್ಮೋಕೋಲ್ ಕರಗಿ ಹೊಂಡವಾಗುತ್ತದೆ. ಮಾಡೆಲ್ ಕಿಟ್‌ಗಳಲ್ಲಿ ಬರುವ ವಿಮಾನ, ಕಾರುಗಳ ಪ್ಲಾಸ್ಟಿಕ್ಕೂ ಹೆಚ್ಚಾಗಿ ಅದೇ ಪಾಲಿಸ್ಟೈರೀನ್. ಥರ್ಮೋಕೋಲಿನೊಳಗೆ ಗಾಳಿ ತುಂಬಿರುತ್ತದೆ, ಇದರಲ್ಲಿ ಇಲ್ಲ, ಅಷ್ಟೆ. ಹಾಗಾದರೆ ಕಾರಿನ ಸ್ಪ್ರೇ ಪೇಂಟ್ ಇದಕ್ಕೆ ಹೊಡೆಯಬಹುದಾ? ಧಾರಾಳವಾಗಿ. ಮಣಿಪಾಲದ ಫ್ಲ್ಯಾಟಿನ ಟೆರೇಸಿನಲ್ಲಿ ನಾನು ಎರಡು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಈ ಸಲ ಮಾಡುತ್ತಿರುವುದು ವಿಮಾನ ಅಲ್ಲ, ಬಸ್ಸು. ಕಾರ್ಕಳದ ದೊಡ್ಡಪ್ಪ ಉಡುಪಿ–ಹಿರಿಯಡ್ಕ–ಬೈಲೂರು–ಕಾರ್ಕಳ ಲೈನಿನಲ್ಲಿ ಡ್ರೈವರ್ ಆಗಿದ್ದವರು. ಅವರ ಬಸ್ಸು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಉಳಿದದ್ದು ಒಂದು ಕಪ್ಪು ಬಿಳುಪು ಫೋಟೊ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿದೆ. ಲೇಸರ್ ಚಿಕಿತ್ಸೆಯಿಂದ ಇರುವ ದೃಷ್ಟಿ ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಎಂದಿದ್ದಾರೆ ಡಾಕ್ಟರು. "ಏನೇನೋ ವಿಮಾನ ಮಾಡ್ತಿಯಲ್ಲ, ನನ್ನ ಬಸ್ಸೊಂದು ಮಾಡು ಮಾರಾಯ. ಕಾಣುವಾಗಲೇ ನೋಡ್ತೇನೆ" ಅಂದರು. ಬಸ್ಸಿನ ಬಣ್ಣ ಇರುವುದು ಅವರ ನೆನಪಿನಲ್ಲಿ ಮಾತ್ರ.

1:24 ಅಳತೆಯಲ್ಲಿ 11 ಮೀಟರಿನ ಬಸ್ಸು ಸುಮಾರು 46 ಸೆಂಟಿಮೀಟರ್ ಆಗುತ್ತದೆ. ಇದರ ಕಿಟ್ ಯಾರೂ ಮಾರುವುದಿಲ್ಲ. ಸ್ಟೈರೀನ್ ಶೀಟ್ ಕತ್ತರಿಸಿ ಬಾಡಿ ಕಟ್ಟಿದೆ. ಹೊರದೇಶದ ಮಾಡೆಲ್ ಪೇಂಟಿನ 100 ಎಂಎಲ್ ಕ್ಯಾನಿಗೆ ಕೊಡುವ ದುಡ್ಡು ನೋಡಿದರೆ, ಸ್ಪೇರ್ ಪಾರ್ಟ್ಸ್ ಅಂಗಡಿಯ 400 ಎಂಎಲ್ ಕ್ಯಾನೇ ಮೇಲು. ಆದರೆ ಪೇಂಟ್ ಹೊಡೆಯುವುದನ್ನು ನಾನು ಕಲಿತದ್ದು ವಿಡಿಯೊ ನೋಡಿ ಅಲ್ಲ, ಕಾಪುವಿನಲ್ಲಿ ಬಸ್ಸುಗಳಿಗೆ ಬಣ್ಣ ಹೊಡೆಯುವ ಒಬ್ಬ ಅಣ್ಣನಿಂದ.

"ಇದು ಗೋಡೆ ಅಲ್ಲ ಮಾರ್ರೆ. ಮೊದಲ ಕೋಟ್ ಬಿದ್ದದ್ದೇ ಗೊತ್ತಾಗಬಾರದು" ಅಂದಿದ್ದರು ಅವರು. ಅದರಲ್ಲಿ ಇಡೀ ರಸಾಯನಶಾಸ್ತ್ರ ಉಂಟು. ಕಾರಿನ ಪೇಂಟಿನ ಥಿನ್ನರ್ ಪ್ಲಾಸ್ಟಿಕ್ಕನ್ನು ಕಚ್ಚುತ್ತದೆ. ಒಂದಡಿ ದೂರದಿಂದ, ಕೈ ನಿಲ್ಲಿಸದೆ, ಮಂಜಿನ ಹಾಗೆ ಹೊಡೆದರೆ ಥಿನ್ನರ್ ಮೇಲ್ಮೈಗೆ ಒಂಚೂರು ಹಲ್ಲು ಊರಿ ಆರಿಹೋಗುತ್ತದೆ. ಪ್ರೈಮರ್ ಗಟ್ಟಿಯಾಗಿ ಹಿಡಿಯುವುದು ಅದರಿಂದಲೇ. ಒಮ್ಮೆಲೇ ಒದ್ದೆಯಾಗಿ ಹೊಡೆದಿರೋ, ಥರ್ಮೋಕೋಲಿನ ಗತಿ. ಅದಕ್ಕೂ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ಬಾಡಿ ತೊಳೆದು ಒಣಗಿಸಬೇಕು, ಕೈಯ ಎಣ್ಣೆ ಉಳಿದಲ್ಲಿ ಪೇಂಟ್ ಕೂರುವುದಿಲ್ಲ. ಪ್ರೈಮರ್ ಒಣಗಿದ ಮೇಲೆ 600 ನಂಬರಿನ ವಾಟರ್ ಪೇಪರ್ ಹಿಡಿದು ನೀರಲ್ಲಿ ಉಜ್ಜುವುದು. ಪೇಂಟಿನ ದಪ್ಪ 0.1 ಮಿಲಿಮೀಟರ್ ಆದರೂ ನಿಜವಾದ ಬಸ್ಸಿನ ಲೆಕ್ಕದಲ್ಲಿ ಅದು 2.4 ಮಿಲಿಮೀಟರ್! ರಿವೆಟ್ಟುಗಳೆಲ್ಲ ಮುಚ್ಚಿಹೋಗುತ್ತವೆ.

ನಮ್ಮೂರಿನ ದೊಡ್ಡ ಶತ್ರು ಮಳೆಗಾಲ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂತು ಬಣ್ಣ ಬೂದಿ ಹಿಡಿದ ಹಾಗೆ ಬೆಳ್ಳಗಾಗುತ್ತದೆ. ಗನ್‌ನಲ್ಲಿ ಹೊಡೆಯುವವರಿಗೆ ನಿಧಾನ ಆರುವ ಆ್ಯಂಟಿ-ಚಿಲ್ ಥಿನ್ನರ್ ಉಂಟು. ಕ್ಯಾನಿನವರು ಏನು ಬೆರೆಸುವುದು? ಕಾಯಬೇಕು. ನನ್ನ ಪೇಂಟಿಂಗ್ ಎಲ್ಲ ಡಿಸೆಂಬರ್, ಜನವರಿಯ ಮಧ್ಯಾಹ್ನಗಳಲ್ಲಿ. ರೂಮಿನ ಬಾತ್‌ರೂಮಿನಲ್ಲಿ ಹೊಡೆಯುವ ಗೆಳೆಯರಿದ್ದಾರೆ. ಅದು ಹುಚ್ಚು. ಬಟ್ಟೆಯ ಮಾಸ್ಕ್ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ, ಕಾರ್ಬನ್ ಫಿಲ್ಟರ್ ಇರುವುದೇ ಬೇಕು. ಕಾಪುವಿನ ಅಣ್ಣ ಇಷ್ಟು ವರ್ಷ ಕರ್ಚೀಫ್ ಕಟ್ಟಿಕೊಂಡೇ ದುಡಿದವರು. ಮಾತಿನ ಮಧ್ಯೆ ಅವರು ಎಷ್ಟು ಸಲ ಕೆಮ್ಮುತ್ತಾರೆಂದು ಲೆಕ್ಕ ಇಟ್ಟಿಲ್ಲ.

ಇನ್ನು ಬಣ್ಣ. ಅಂಗಡಿಯಲ್ಲಿ ಸಿಗುವುದು ಕಾರಿನ ಶೇಡುಗಳು. ಸಿಲ್ವರಿನಂಥ ಮೆಟಾಲಿಕ್ ಬಣ್ಣಗಳ ಹೊಳಪಿನ ಕಣ ಇಷ್ಟು ಸಣ್ಣ ಬಸ್ಸಿಗೆ ಮರಳು ಎರಚಿದ ಹಾಗೆ ಕಾಣುತ್ತದೆ, ಬಿಡಿ. "ಕ್ರೀಮಾ?" ಎಂದು ದೊಡ್ಡಪ್ಪನನ್ನು ಕೇಳಿದೆ. "ಕ್ರೀಮ್ ಎಂತದ್ದು? ಹಲಸಿನ ಸೊಳೆಯ ಬಣ್ಣ. ಹಣ್ಣಾಗುವ ಮುಂಚಿನದ್ದು" ಅಂದರು. ಆ ಹೆಸರಿನ ಶೇಡ್ ಯಾವ ಕಂಪನಿಯೂ ಮಾಡುವುದಿಲ್ಲ. ಐವರಿ ಕ್ಯಾನ್ ಒಂದೇ ತಂದೆ, ಪ್ರೈಮರ್ ಮೂರು ತರದ್ದು: ಬಿಳಿ, ಬೂದು, ರೆಡ್ ಆಕ್ಸೈಡ್. ಮೂರು ಪ್ಲಾಸ್ಟಿಕ್ ಚಮಚಗಳ ಮೇಲೆ ಹೊಡೆದು, ಐವರಿಯನ್ನು ತೆಳ್ಳಗೆ ಹಾಕಿದೆ. ಅಡಿಯ ಬಣ್ಣ ಮೇಲಕ್ಕೆ ಬಂದು ಮೂರೂ ಬೇರೆ ಬೇರೆಯಾದವು.

ಭಾನುವಾರ ಬೆಳಿಗ್ಗೆ ಹತ್ತರ ಬಿಸಿಲಿಗೆ ಕಾರ್ಕಳದ ಜಗಲಿಯಲ್ಲಿ ಚಮಚಗಳನ್ನಿಟ್ಟೆ. ದೊಡ್ಡಪ್ಪ ಒಂದೊಂದನ್ನೂ ಕಣ್ಣಿಗೆ ತೀರಾ ಹತ್ತಿರ ಹಿಡಿದು, ಓರೆ ಮಾಡಿ ನೋಡಿದರು. ರೆಡ್ ಆಕ್ಸೈಡಿನದ್ದನ್ನು ಕೆಳಗಿಡಲೇ ಇಲ್ಲ. "ಇದೇ."

ಕಾಪುವಿನ ಅಣ್ಣನಿಗೆ ಹೇಳಿದರೆ ಆಶ್ಚರ್ಯವೇ ಆಗಲಿಲ್ಲ. "ಹಳೆ ಬಸ್ಸಿನ ತಗಡಿಗೆ ತುಕ್ಕು ಹಿಡಿಯದ ಹಾಗೆ ಅಡಿಗೆ ರೆಡ್ ಆಕ್ಸೈಡೇ ಹೊಡೀತಿದ್ದದ್ದು." ನಿಜವಾದ ಬಸ್ಸಿನ ದಪ್ಪ ಪೇಂಟಿನ ಅಡಿಯಿಂದ ಆ ಕೆಂಪು ಇಣುಕಿರಲಿಕ್ಕಿಲ್ಲ ಎಂದು ನನ್ನ ಅನುಮಾನ. ದೊಡ್ಡಪ್ಪನ ಮುಂದೆ ಅದನ್ನು ಎತ್ತಲಿಲ್ಲ.

ಬಾಡಿಗೆ ಬಣ್ಣ ಆಗಿದೆ. ಬೋರ್ಡಿನ ಅಕ್ಷರ ಕೊನೆಗೆ, ಎನಾಮೆಲ್‌ನಲ್ಲಿ, ಬ್ರಶ್ಶಿನಿಂದ. ಎನಾಮೆಲ್ ಮೇಲೆ ಸ್ಪ್ರೇ ಬಿದ್ದರೆ ಸುಕ್ಕು ಬರುತ್ತದೆ, ಸ್ಪ್ರೇ ಮೇಲೆ ಎನಾಮೆಲ್ ಬರೆದರೆ ತೊಂದರೆ ಇಲ್ಲ. ಮೊನ್ನೆ ಫೋನು ಮಾಡಿದ ದೊಡ್ಡಪ್ಪ ಹೊಸ ತಕರಾರು ತೆಗೆದಿದ್ದಾರೆ. ಬೋರ್ಡಿನಲ್ಲಿ 'ಹಿರಿಯಡ್ಕ' ಎಂಬುದು 'ಬೈಲೂರು'ಗಿಂತ ದೊಡ್ಡ ಅಕ್ಷರದಲ್ಲಿತ್ತಂತೆ.