ನಿಗಡಿಯಲ್ಲಿ ಸಿಕ್ಕ ಪಿಕಪ್

ಹಳೆಯ ಮುಂಬೈ–ಪುಣೆ ಹೆದ್ದಾರಿಯಲ್ಲಿ ನಾಶಿಕ್ ಫಾಟಾ ದಾಟಿದರೆ ಪಿಂಪ್ರಿ, ಚಿಂಚ್‌ವಡ, ಆಕುರ್ಡಿ, ನಿಗಡಿ ಒಂದರ ಹಿಂದೊಂದು ಬರುತ್ತವೆ. ಹಿಂಜವಡಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವ ನಮಗೆ ಪುಣೆ ಅಂದರೆ ಐಟಿ ಪಾರ್ಕು. ಈ ರಸ್ತೆಯ ಪುಣೆಯೇ ಬೇರೆ. 1986ರಲ್ಲಿ ಟಾಟಾ 407 ಬಂದದ್ದು ಪಿಂಪ್ರಿಯ ಕಾರ್ಖಾನೆಯಿಂದ. ಜಪಾನಿನ ಕಂಪನಿಗಳ ಜೊತೆಗೂಡಿ ಬಂದ ಸಣ್ಣ ಲಾರಿಗಳನ್ನೆಲ್ಲ ಅದು ಹಿಂದೆ ಹಾಕಿತು. ಆಕುರ್ಡಿಯ ಫೋರ್ಸ್ ಮೋಟರ್ಸ್‌ಗೆ ಮೊದಲಿದ್ದ ಹೆಸರು ಬಜಾಜ್ ಟೆಂಪೊ. ಆ ಜರ್ಮನ್ ಹೆಸರು ನಮ್ಮ ಹಳ್ಳಿಗಳಲ್ಲಿ ಎಷ್ಟು ಬೇರೂರಿದೆ ಅಂದರೆ, ಮಹಿಂದ್ರಾ ಗಾಡಿಯನ್ನೂ ಜನ ‘ಟೆಂಪೊ’ ಅಂತಲೇ ಕರೆಯುತ್ತಾರೆ.

ಅಂಥದೊಂದು ಟೆಂಪೊ ಬೇಕೆಂದು ತಿಕೋಟಾದಿಂದ ನನ್ನ ಸೋದರಮಾವ ಬಂದಿದ್ದರು. ಅವರದು ದ್ರಾಕ್ಷಿ ತೋಟ. ಒಣದ್ರಾಕ್ಷಿಯನ್ನು ತಾಸಗಾಂವ, ಸಾಂಗ್ಲಿ ಪೇಟೆಗೆ ಒಯ್ಯಬೇಕು. ಬಾಡಿಗೆ ಗಾಡಿ ಹೇಳಿದ ದಿನ ಬರುವುದಿಲ್ಲ, ಬಂದ ದಿನ ದರ ಇರುವುದಿಲ್ಲ. ಸೊಸೈಟಿ ಸಾಲ, ಮೇಲೆ ಎರಡು ಎಮ್ಮೆ ಮಾರಿದ ಹಣ. ಅದು ಬನಿಯನ್ನಿನ ಒಳಜೇಬಿನಲ್ಲಿತ್ತು. ಬ್ಯಾಂಕಿಗೆ ಹಾಕೋಣ ಅಂದರೆ ಕೇಳಲಿಲ್ಲ.

ನಿಗಡಿಯ ಟ್ರಾನ್ಸ್‌ಪೋರ್ಟ್ ನಗರದ ಹತ್ತಿರ ಒಂದು ಯಾರ್ಡಿನಲ್ಲಿ ಏಳೆಂಟು ಬೊಲೆರೊ ಪಿಕಪ್ ನಿಂತಿದ್ದವು. 1.7 ಟನ್ ಹೊರುವ ಗಾಡಿ, 2523 ಸಿಸಿ ಡೀಸೆಲ್ ಇಂಜಿನ್. ಎಲ್ಲಕ್ಕೂ ಹೊಸ ಬಿಳಿ ಬಣ್ಣ. ಮಾಲೀಕ ‘ಏಕದಮ್ ಟಕಾಟಕ್’ ಎನ್ನುತ್ತಿದ್ದ. ಮಾವ ಬಣ್ಣ ನೋಡಲೇ ಇಲ್ಲ, ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟರು. ಬೆಚ್ಚಗಿದ್ದರೆ ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಅಂತ ಅರ್ಥ, ತಣ್ಣಗಿನ ಇಂಜಿನ್ನಿನ ತಕರಾರು ಆಮೇಲೆ ಕಾಣುವುದಿಲ್ಲ. ಸ್ಟಾರ್ಟ್ ಆದ ಮೇಲೆ ಆಯಿಲ್ ಮುಚ್ಚಳ ತೆಗೆಸಿದರು. ಅಲ್ಲಿಂದ ಭುಸುಭುಸು ಗಾಳಿ ಬಂದರೆ ರಿಂಗು ಸವೆದಿವೆ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಂಡರೆ ಆಯಿಲ್ ಸುಡುತ್ತಿದೆ. ಕಿಲೋಮೀಟರ್ ಮೀಟರನ್ನು ಮಾತ್ರ ಯಾರೂ ನಂಬುವುದಿಲ್ಲ, ಮಾರುವವನೂ ಸಹ.

ನಾವು ಕರೆದೊಯ್ದ ಮೆಕ್ಯಾನಿಕ್ ಜತ್ತ ತಾಲ್ಲೂಕಿನವ. ಅಲ್ಲಿಯವರ ಕನ್ನಡ ನಮ್ಮ ವಿಜಯಪುರದ್ದೇ. ಅಡಿಗೆ ನುಗ್ಗಿದವನು ಅಲ್ಲಿಂದಲೇ, ಮಾಲೀಕನಿಗೆ ತಿಳಿಯದ ಹಾಗೆ ನಗುತ್ತ ಹೇಳಿದ: “ಕಾಕಾ, ಚಾಸಿಗೆ ವೆಲ್ಡಿಂಗ್ ಐತ್ರಿ. ಪಾಟಾನೂ ಎರಡ ಜಾಸ್ತಿ ಹಾಕ್ಯಾರ. ಲೋಡ್ ಹೊಡದ ಹೊಡದ ಬಗ್ಗಿಸ್ಯಾರ.” ಗಡಿ ತಾಲ್ಲೂಕಿನ ಕನ್ನಡದಿಂದ ಹೀಗೊಂದು ಉಪಯೋಗವಾಗುತ್ತದೆಂದು ನಾನು ಎಣಿಸಿರಲಿಲ್ಲ.

ಮೂರನೆಯ ಗಾಡಿ ಮಾವನಿಗೆ ಹಿಡಿಸಿತು. ಎಮ್‌ಎಚ್ 14, 2018ರ ಮಾಡೆಲ್, 4.60 ಲಕ್ಷ. ನನ್ನ ಕೆಲಸ ಅಲ್ಲಿಂದ ಶುರು. ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದೆ. ಫಿಟ್‌ನೆಸ್, ಇನ್ಶೂರೆನ್ಸ್ ಸರಿಯಿದ್ದವು, ಆದರೆ ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಹೆಸರು ಇನ್ನೂ ಹಾಗೇ ಇತ್ತು. ಕಂತೆಲ್ಲ ಮುಗಿದಿದೆ ಅಂತ ಮಾಲೀಕ. ಮುಗಿದಿದ್ದರೆ ಫಾರಂ 35 ಕೊಟ್ಟು ಆ ಹೆಸರು ತೆಗೆಸಲಿ, ಆಮೇಲೆ ಕರ್ನಾಟಕಕ್ಕೆ ಒಯ್ಯಲು ಆರ್‌ಟಿಒದಿಂದ ಎನ್‌ಒಸಿ ಪಡೆಯಲಿ, 29 ಮತ್ತು 30ಕ್ಕೆ ಸಹಿ ಹಾಕಲಿ ಎಂದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಮಾಡಿಸಬೇಕು, ವಿಜಯಪುರದಲ್ಲಿ ರೋಡ್ ಟ್ಯಾಕ್ಸ್ ಬೇರೆ. ಈ ಖರ್ಚನ್ನೆಲ್ಲ ಗಾಡಿಯ ಬೆಲೆಯಲ್ಲೇ ಹಿಡಿಯಬೇಕು.

“ಇವತ್ತು ಒಯ್ರಿ, ಕಾಗದ ಕಳಸ್ತೀನಿ” ಎಂದ ಮಾಲೀಕ, ಮರಾಠಿಯಲ್ಲಿ. ಮಾವ ನನಗಿಂತ ಚೆನ್ನಾದ ಮರಾಠಿಯಲ್ಲಿ ಅವನ ಮನೆ, ಮಕ್ಕಳು, ಮಳೆ ಎಲ್ಲ ವಿಚಾರಿಸಿ, ಚಹಾ ಕುಡಿದು, ಹತ್ತು ಸಾವಿರ ಮುಂಗಡ ಕೊಟ್ಟು ರಸೀದಿ ಬರೆಸಿಕೊಂಡರು. ಬೆಲೆಯಲ್ಲಿ ಇಪ್ಪತ್ತು ಸಾವಿರ ಇಳಿಯಿತು. “ಅಳಿಯಾ, ಕಾಗದ ಬಂದ ದಿನಾ ಫೋನ್ ಮಾಡು” ಎಂದು ಉಳಿದ ಹಣ ಒಳಜೇಬಿಗೆ ಸೇರಿಸಿ ರಾತ್ರಿಯ ಬಸ್ಸು ಹತ್ತಿದರು.

ಕಾಗದ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ತಿಕೋಟಾದಲ್ಲಿ ದ್ರಾಕ್ಷಿ ಕಟಾವು ಶುರುವಾಗಿತ್ತು.